ಸೋಲಿಸಬಲ್ಲ ತೀರ್ಪುಗಾರ: ಸೇನಾಧಿಕಾರಿಗಳ ತರಬೇತಿಯಲ್ಲಿ ಯುದ್ಧದಾಟ



ನಾನು ಸಮವಸ್ತ್ರ ತೊಟ್ಟವನಲ್ಲ, ಇತಿಹಾಸದ ಮೇಷ್ಟ್ರು. ಆದರೂ ಈ ಸಂಜೆಗೆ ಸೇನೆಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಸೈನಿಕರ ಶೌರ್ಯದ ಬಗ್ಗೆ ನಮ್ಮಲ್ಲಿ ಭಾಷಣಗಳು ಬೇಕಾದಷ್ಟು ಆಗಿವೆ. ಅವರ ಓದು, ಅವರ ತರಗತಿ, ತೀರ್ಮಾನ ತೆಗೆದುಕೊಳ್ಳುವುದನ್ನು ಅವರು ಕಲಿಯುವ ಬಗೆ, ಇವುಗಳ ಮಾತು ಬರುವುದೇ ಅಪರೂಪ.

ಈ ಕಲಿಕೆಯಲ್ಲಿ ಒಂದು ತೊಡಕಿದೆ. 1971ರ ಯುದ್ಧ ನಡೆದದ್ದು ಹದಿಮೂರು ದಿನ. ಅದರ ಮರುವರ್ಷ ಸೇನೆ ಸೇರಿದ ಅಧಿಕಾರಿಗೆ ಅಂಥ ಇನ್ನೊಂದು ಹೋರಾಟ ಎದುರಾಗಲು 1999ರ ಕಾರ್ಗಿಲ್‌ವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಅವರು ಬ್ರಿಗೇಡಿಯರೋ ಜನರಲ್ಲೋ ಆಗಿದ್ದರು. ಸಾವಿರಾರು ಜನರ ಜೀವ ಅವರ ಒಂದು ಮಾತಿನ ಮೇಲೆ ನಿಂತಿತ್ತು. ಅಂಥ ಮಾತನ್ನು ಅವರು ಆಡುತ್ತಿದ್ದದ್ದು ಬಹುಶಃ ಜೀವನದಲ್ಲೇ ಮೊದಲ ಸಲ. ಮಾಡಿ ಕಲಿ ಎಂದು ಹೇಳಲಾಗದ ಕೆಲಸವಿದು. ಹಾಗಾಗಿ ಯುದ್ಧವಿಲ್ಲದ ಕಾಲದಲ್ಲಿ ಯುದ್ಧವನ್ನು ಮೇಜಿನ ಮೇಲೆ ಹುಟ್ಟಿಸಿಕೊಳ್ಳಬೇಕಾಯಿತು.

ಹುಟ್ಟಿಸಿದವರು ಶುರು ಮಾಡಿದ್ದು ನಮ್ಮ ಚದುರಂಗದಿಂದಲೇ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್ವಿಗ್ ಎಂಬ ಮೇಷ್ಟ್ರು ಅರವತ್ತನಾಲ್ಕು ಮನೆಗಳ ಹಾಸನ್ನು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ಜೌಗು, ನದಿಗಳಿಗೆ ಬೇರೆ ಬೇರೆ ಬಣ್ಣ ಬಳಿದರು. ಆದರೂ ಅದು ಚದುರಂಗವೇ ಆಗಿ ಉಳಿಯಿತು. ಚದುರಂಗದಲ್ಲಿ ಎದುರಾಳಿಯ ಆನೆ ಎಲ್ಲಿದೆ, ಒಂಟೆ ಎಲ್ಲಿದೆ ಎಂಬುದೆಲ್ಲ ಕಣ್ಣೆದುರೇ ಇರುತ್ತದೆ. ಕಾಯಿ ನಡೆಸಿದರೆ ನಡೆಯುತ್ತದೆ, ಹೊಡೆದರೆ ಸಾಯುತ್ತದೆ. ಯುದ್ಧದಲ್ಲಿ ಈ ಯಾವ ಭರವಸೆಯೂ ಇಲ್ಲ.

ದಾರಿ ತಿರುಗಿಸಿದವರು ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತಂದೆ, ಮಗ. ತಂದೆ ಸರ್ಕಾರಿ ಅಧಿಕಾರಿ. ನೆಲದ ಏರುತಗ್ಗುಗಳನ್ನು ಬಿಲ್ಲೆಗಳಲ್ಲಿ ಮಾಡಿ ಜೋಡಿಸಬಹುದಾದ ದೊಡ್ಡದೊಂದು ಮೇಜನ್ನು 1812ರಲ್ಲಿ ದೊರೆ ಮೂರನೆಯ ಫ್ರೀಡ್ರಿಷ್ ವಿಲ್‌ಹೆಲ್ಮ್‌ಗೆ ಒಪ್ಪಿಸಿದರು. ಅರಮನೆಯವರಿಗೆ ಅದು ಸೊಗಸಾದ ವಿನೋದವಾಯಿತು. ಮಗ ಫಿರಂಗಿ ದಳದ ಲೆಫ್ಟಿನೆಂಟ್. ಅವನು ಮೇಜನ್ನು ಬಿಟ್ಟು ನಕಾಶೆ ಹಿಡಿದ, 1:8000 ಪ್ರಮಾಣದ್ದು. 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದ.

ಆ ನಿಯಮಗಳ ಜಾಣತನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡು ಪಕ್ಷ, ನೀಲಿ ಮತ್ತು ಕೆಂಪು. ಆದರೆ ಆಟಗಾರರು ಕಾಯಿ ಮುಟ್ಟುವಂತಿಲ್ಲ. ಅವರು ಚೀಟಿಯಲ್ಲಿ ಆಜ್ಞೆ ಬರೆದು ನಡುವೆ ಕೂತ ತೀರ್ಪುಗಾರನಿಗೆ ಕೊಡಬೇಕು. ಆ ಚೀಟಿಯನ್ನು ಹೊತ್ತ ಕುದುರೆ ಸವಾರ ಅಷ್ಟು ದೂರ ಹೋಗಲು ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿ, ಆಮೇಲಷ್ಟೇ ತೀರ್ಪುಗಾರ ಕಾಯಿ ಸರಿಸುತ್ತಾನೆ. ಒಂದು ಸರದಿ ಎಂದರೆ ಯುದ್ಧಭೂಮಿಯ ಎರಡು ನಿಮಿಷ. ಶತ್ರುವಿನ ದಳ ನಿಮ್ಮವರ ಕಣ್ಣಿಗೆ ಬೀಳುವಂತಿದ್ದರೆ ಮಾತ್ರ ನಕಾಶೆಯ ಮೇಲೆ ಅದರ ಕಾಯಿ ಬರುತ್ತದೆ. ಗುಂಡಿನ ದಾಳಿಯ ಫಲವನ್ನು ದಾಳ ಉರುಳಿಸಿ, ಪಟ್ಟಿ ನೋಡಿ ನಿರ್ಧರಿಸುತ್ತಾರೆ. ಹೀಗೆ ಚದುರಂಗದೊಳಕ್ಕೆ ಪಗಡೆಯ ದಾಳ ಬಂತು, ಕತ್ತಲೆ ಬಂತು, ತಡವಾಗಿ ತಲುಪುವ ಆಜ್ಞೆ ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಎರಡೂ ಪಕ್ಷಕ್ಕೆ ಸೇರದ, ಎಲ್ಲವನ್ನೂ ಬಲ್ಲ ಮೂರನೆಯ ಮನುಷ್ಯ ಬಂದ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಮೂರನೆಯವನ ಸುತ್ತಲೇ ಇದೆ.

ಪ್ರಷ್ಯಾದ ಸೇನಾ ಮುಖ್ಯಾಲಯದ ಮುಖ್ಯಸ್ಥ ಮ್ಯುಫ್ಲಿಂಗ್ ಈ ಆಟ ನೋಡಲು ಬಂದಾಗ ಮುಖ ಗಂಟಿಕ್ಕಿಕೊಂಡೇ ಬಂದರಂತೆ. ಆಟ ಸಾಗಿದಂತೆ ಬಿಸಿಯೇರಿ, ಇದು ಆಟವಲ್ಲ, ಯುದ್ಧದ ಪಾಠಶಾಲೆ, ಇಡೀ ಸೇನೆಗೆ ಶಿಫಾರಸು ಮಾಡುತ್ತೇನೆ ಎಂಬರ್ಥದ ಮಾತಾಡಿದರಂತೆ. ಮಾಡಿದರು ಕೂಡ. ಲೆಫ್ಟಿನೆಂಟನಿಗೆ ಇದರಿಂದ ಹೆಚ್ಚೇನೂ ದಕ್ಕಲಿಲ್ಲ. 1827ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ.

ಮುಂದೆ ಜರ್ಮನರಲ್ಲೇ ಜಗಳ ಹುಟ್ಟಿತು. ಪಟ್ಟಿ, ದಾಳ, ಕೂಡು, ಕಳೆ, ಇವುಗಳಲ್ಲಿ ಆಟ ತೆವಳುತ್ತಿದೆ ಎಂದು 1876ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ ದಾಳವನ್ನೇ ಬದಿಗಿಟ್ಟರು. ಯುದ್ಧ ಕಂಡು ಬಂದ ಅನುಭವಿ ತೀರ್ಪು ಹೇಳಲಿ, ಅಷ್ಟು ಸಾಕು ಎಂದರು. ಸರಿಯೆ. ಆದರೆ ಆ ಅನುಭವಿಯ ಮರ್ಜಿಯನ್ನು ಯಾರು ತಡೆಯುತ್ತಾರೆ? ನೂರೈವತ್ತು ವರ್ಷವಾದರೂ ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ಅಂಕೆಗಳ ಮೇಲೆ ನಡೆಯುವ ಆಟಕ್ಕೆ ಕಲ್ಪನೆ ಕಡಿಮೆ. ಮನುಷ್ಯನ ಮಾತಿನ ಮೇಲೆ ನಡೆಯುವ ಆಟಕ್ಕೆ ಮುಲಾಜು ಜಾಸ್ತಿ.

ಮುಲಾಜಿಲ್ಲದ ತೀರ್ಪುಗಾರ ಏನು ಮಾಡಬಲ್ಲ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ ಲಿವರ್‌ಪೂಲಿನದು. 1942ರ ಜನವರಿ. ಅಟ್ಲಾಂಟಿಕ್ ದಾಟಿ ಬರುವ ಆಹಾರ, ಎಣ್ಣೆಯ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಒಂದೊಂದಾಗಿ ಮುಳುಗಿಸುತ್ತಿದ್ದ ಕಾಲ. ಕ್ಷಯರೋಗದಿಂದಾಗಿ ನೌಕಾಪಡೆಯಿಂದ ಹೊರಬಿದ್ದಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು ಮರಳಿ ಕರೆಸಿ, ಡರ್ಬಿ ಹೌಸ್ ಎಂಬ ಕಟ್ಟಡದ ಮಹಡಿಯಲ್ಲಿ ಜಾಗ ಕೊಟ್ಟರು. ಸಹಾಯಕ್ಕೆ ಬಂದವರು ಮಹಿಳಾ ನೌಕಾದಳದ ಕೆಲವು ಯುವತಿಯರು. ಲೆಕ್ಕದಲ್ಲಿ ಚುರುಕಾದ ಹುಡುಗಿಯರು, ಸಮುದ್ರದ ಮೇಲೆ ಯುದ್ಧ ಮಾಡಿದವರಲ್ಲ.

ನೆಲದ ಮೇಲೆ ಲಿನೋಲಿಯಂ ಹಾಸಿ, ಗೆರೆ ಎಳೆದು, ಅದನ್ನೇ ಸಮುದ್ರ ಮಾಡಿಕೊಂಡರು. ಸುತ್ತ ಕ್ಯಾನ್ವಾಸ್ ಪರದೆ. ಹಡಗಿನ ಕಪ್ತಾನನ ಪಾತ್ರ ವಹಿಸಿದವನಿಗೆ ಪರದೆಯ ಸಣ್ಣ ಕಿಂಡಿಯಿಂದ ಎಷ್ಟು ಕಾಣುತ್ತದೋ ಅಷ್ಟೆ, ಅದೂ ರಾತ್ರಿಯ ಸಮುದ್ರದಲ್ಲಿ ಅವನಿಗೆ ಕಾಣಬಹುದಾದಷ್ಟು. ಜಲಾಂತರ್ಗಾಮಿಯ ಜಾಡನ್ನು ಬರೆದ ಸೀಮೆಸುಣ್ಣದ ಬಣ್ಣ ಹೇಗಿತ್ತೆಂದರೆ ಕಿಂಡಿಯ ಕಡೆಯಿಂದ ನೋಡಿದವರಿಗೆ ಅದು ಕಾಣುತ್ತಿರಲಿಲ್ಲ. ಇಲ್ಲೂ ಸರದಿಗೆ ಎರಡು ನಿಮಿಷ. ಅಷ್ಟರೊಳಗೆ ಆಜ್ಞೆ ಬರೆದುಕೊಡಬೇಕು, ಇಲ್ಲವಾದರೆ ಹಡಗು ಹೋಗುತ್ತಿದ್ದ ದಾರಿಯಲ್ಲೇ ಹೋಗುತ್ತದೆ.

ತರಬೇತಿಗೆ ಮುನ್ನ ಅವರು ಮಾಡಿದ್ದು ತನಿಖೆ. ನಡೆದುಹೋದ ದಾಳಿಗಳ ವರದಿಗಳನ್ನು ನೆಲದ ಮೇಲೆ ಮತ್ತೆ ಆಡಿಸಿದರು. ಜಲಾಂತರ್ಗಾಮಿಗಳು ಬೆಂಗಾವಲಿನ ಹೊರಗಿನಿಂದ, ದೂರದಿಂದ ಟಾರ್ಪಿಡೊ ಬಿಡುತ್ತವೆ ಎಂದು ಎಲ್ಲರೂ ನಂಬಿದ್ದರು. ಹಾಗೆ ಆಡಿಸಿದರೆ ಮುಳುಗಿದ ಹಡಗುಗಳ ಲೆಕ್ಕ ತಾಳೆಯಾಗಲಿಲ್ಲ. ಜಲಾಂತರ್ಗಾಮಿ ರಾತ್ರಿ ನೀರಿನ ಮೇಲೇ ತೇಲುತ್ತ, ಹಿಂದಿನಿಂದ ಬಂದು, ಹಡಗುಗಳ ಸಾಲುಗಳ ಒಳಗೇ ನುಗ್ಗಿರಬೇಕು ಎಂದು ಊಹಿಸಿದಾಗ ತಾಳೆಯಾಯಿತು. ಅಂದರೆ ಕಾವಲು ಹಡಗುಗಳು ದಾಳಿಯಾದ ಕೂಡಲೇ ಹೊರಕ್ಕೆ ಓಡಿ ಹುಡುಕುತ್ತಿದ್ದದ್ದು ಕಳ್ಳನನ್ನು ಒಳಗೇ ಬಿಟ್ಟು. ಇದಕ್ಕೆ ಎದುರಾಗಿ ಅವರು ರೂಪಿಸಿದ ಹೊಸ ತಂತ್ರಕ್ಕೆ ಜೀನ್ ಲೈಡ್‌ಲಾ ಎಂಬ ಯುವತಿ ‘ರಾಸ್‌ಬೆರಿ’ ಎಂದು ಹೆಸರಿಟ್ಟಳು. ಹಿಟ್ಲರನಿಗೆ ಬಾಯಲ್ಲಿ ಪುರ್ರೆನ್ನಿಸಿ ಅಣಕಿಸಿದಂತೆ ಎಂಬ ತಮಾಷೆ ಆ ಹೆಸರಿನೊಳಗಿದೆ.

ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5000 ಅಧಿಕಾರಿಗಳು ಆ ನೆಲದ ಮೇಲೆ ಆಡಿ ಹೋಗಿದ್ದರು. ಸಮುದ್ರದಲ್ಲಿ ಗಡ್ಡ ಬೆಳೆಸಿಕೊಂಡು ಬಂದ ಕಪ್ತಾನರಿಗೆ ಇಪ್ಪತ್ತರ ಆಸುಪಾಸಿನ ಹುಡುಗಿಯರು, ಸರ್, ನಿಮ್ಮ ಹಡಗು ಈಗ ಮುಳುಗಿತು ಎಂದು ಹೇಳಬೇಕಿತ್ತು. ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಅವರ ಪ್ರಸಂಗವನ್ನು ಈಗಲೂ ಹೇಳುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಸ್ವತಃ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದ್ದವರು ಅವರು. ಇಲ್ಲಿ ಜರ್ಮನ್ ಕಪ್ತಾನನಾಗಿ ಆಡಲು ಕೂತು, ಒಂದಲ್ಲ, ಐದು ಸಲ ಸೋತರು. ಯಾರೋ ನನ್ನ ಜಾಡು ಕದ್ದು ನೋಡುತ್ತಿದ್ದಾರೆ ಎಂದು ಸಿಡಿಮಿಡಿಗೊಂಡರು. ಪರದೆ ಸರಿಸಿ ತೋರಿಸಿದರೆ ಎದುರಾಳಿಯಾಗಿ ಕೂತಿದ್ದವಳು ಜಾನೆಟ್ ಓಕೆಲ್ ಎಂಬ ಹುಡುಗಿ. ಅಡ್ಮಿರಲ್ ಆ ಘಟಕವನ್ನು ಮುಚ್ಚಿಸಲಿಲ್ಲ, ಅದನ್ನು ಬೆಂಬಲಿಸಿದರು. 1943ರ ಮೇ ಒಂದೇ ತಿಂಗಳಲ್ಲಿ ಜರ್ಮನಿ 40ಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡು ಅಟ್ಲಾಂಟಿಕ್‌ನಿಂದ ಹಿಂದೆ ಸರಿಯಿತು. ಅದಕ್ಕೆ ರೇಡಾರ್, ದೂರಗಾಮಿ ವಿಮಾನ, ಸಂಕೇತ ಭೇದನೆ ಎಲ್ಲವೂ ಕಾರಣ. ಲಿನೋಲಿಯಂ ನೆಲಕ್ಕೂ ಅದರಲ್ಲಿ ಪಾಲಿದೆ.

ಇಂಥ ಆಟದಿಂದ ಮನಸ್ಸಿನೊಳಗೆ ಆಗುವುದಾದರೂ ಏನು? ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ದಳದ ಮುಖಂಡರನ್ನು ಮಾತಾಡಿಸಿದರು. ಉರಿಯುವ ಕಟ್ಟಡದ ಮುಂದೆ ನಿಂತವರು ಎರಡು ಮೂರು ದಾರಿಗಳನ್ನು ತೂಗಿ ನೋಡಿ ಒಂದನ್ನು ಆರಿಸುತ್ತಾರೆ ಎಂಬುದು ಅವರ ಊಹೆಯಾಗಿತ್ತು. ಮುಖಂಡರೋ, ನಾವು ಹಾಗೆಲ್ಲ ಆರಿಸುವುದಿಲ್ಲ, ಏನು ಮಾಡಬೇಕೆಂದು ಗೊತ್ತಾಗುತ್ತದೆ ಅಷ್ಟೆ ಎಂದರು. ಬಿಡಿಸಿ ನೋಡಿದಾಗ ತಿಳಿದದ್ದು ಇದು: ಪಳಗಿದವರು ಎದುರಿನ ಸನ್ನಿವೇಶದಲ್ಲಿ ಹಿಂದೆ ಕಂಡ ಯಾವುದೋ ಸನ್ನಿವೇಶದ ಚಹರೆ ಗುರುತಿಸುತ್ತಾರೆ. ಮೊದಲು ಹೊಳೆದ ಉಪಾಯವನ್ನು ಮನಸ್ಸಿನಲ್ಲೇ ಒಮ್ಮೆ ಓಡಿಸಿ ನೋಡಿ, ಎಲ್ಲೂ ಎಡವದಿದ್ದರೆ ಅದನ್ನೇ ಕೈಗೊಳ್ಳುತ್ತಾರೆ. ಹಾಗಿದ್ದರೆ ಅಧಿಕಾರಿಗೆ ಬೇಕಾದದ್ದು ಚಹರೆಗಳ ದೊಡ್ಡ ಸಂಗ್ರಹ. ಆಟಗಳು ಆ ಸಂಗ್ರಹವನ್ನು ಅಗ್ಗದಲ್ಲಿ, ಹೆಣ ಬೀಳದಂತೆ ಬೆಳೆಸುತ್ತವೆ. ಆದರೆ ಈ ವಾದದೊಳಗೇ ಒಂದು ಅಪಾಯ ಅಡಗಿದೆ. ತಪ್ಪು ನಡೆಗೆ ತೀರ್ಪುಗಾರ ಗೆಲುವು ಕೊಟ್ಟರೆ ಆ ತಪ್ಪೂ ಸಂಗ್ರಹಕ್ಕೆ ಸೇರುತ್ತದೆ. ಮುಂದೆ ನಿಜವಾದ ಗುಂಡಿನ ನಡುವೆ ಅದೇ ಮೊದಲು ಹೊಳೆಯುತ್ತದೆ.

ನಮ್ಮ ಸೇನೆಯಲ್ಲಿ ಈ ವಿದ್ಯೆಯ ರೂಪಗಳು ಹಲವು. ಹಳೆಯದು, ಈಗಲೂ ಗಟ್ಟಿಯಾಗಿರುವುದು ಸ್ಯಾಂಡ್ ಮಾಡೆಲ್: ಮರಳಿನಲ್ಲಿ ಬೆಟ್ಟ ಕಣಿವೆ ಮಾಡಿ, ಬಣ್ಣದ ಪುಡಿ ಉದುರಿಸಿ, ನೀಲಿ ಪಟ್ಟಿಯಿಂದ ಹೊಳೆ ಹರಿಸಿ, ಸುತ್ತ ನಿಂತು ಚರ್ಚಿಸುವುದು. ಇನ್ನೊಂದು, ಸೈನಿಕರಿಲ್ಲದೆ ಅಧಿಕಾರಿಗಳಷ್ಟೇ ನಿಜವಾದ ನೆಲದ ಮೇಲೆ ನಡೆದಾಡಿ, ಇಲ್ಲಿ ನೀನಿದ್ದರೆ ಏನು ಮಾಡುತ್ತೀಯ ಎಂದು ಉತ್ತರಿಸುವ ‘ಟ್ಯೂಟ್’. ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಸ್ಟಾಫ್ ಕಾಲೇಜು, ಮಧ್ಯಪ್ರದೇಶದ ಮ್ಹೌನಲ್ಲಿರುವ ಆರ್ಮಿ ವಾರ್ ಕಾಲೇಜು, ದೆಹಲಿಯಲ್ಲಿರುವ ಸೇನೆಯ ವಾರ್ ಗೇಮಿಂಗ್ ಕೇಂದ್ರ, ಆಟಗಳ ತಂತ್ರಾಂಶ ಬರೆಯುವ ಡಿಆರ್‌ಡಿಓ ಪ್ರಯೋಗಾಲಯ, ಹೀಗೆ ಸರಂಜಾಮಿಗೆ ಕೊರತೆಯಿಲ್ಲ.

ಆದರೆ ಸೇನೆಯವರ ಬಾಯಲ್ಲೇ ಓಡಾಡುವ ಎರಡು ಮಾತುಗಳನ್ನು ಕೇಳಿ. ಒಂದು ‘ಪಿಂಕ್’. ಸಮಸ್ಯೆಗೆ ಬೋಧಕವರ್ಗ, ಅಂದರೆ ಡಿಎಸ್, ಸಿದ್ಧಪಡಿಸಿದ ಉತ್ತರ ಗುಲಾಬಿ ಕಾಗದದಲ್ಲಿ ಬರುತ್ತಿದ್ದುದರಿಂದ ಆ ಹೆಸರು. ಇನ್ನೊಂದು ‘ಪಿಸಿಕೆ’, ಹಿಂದಿನ ತಂಡದವರು ಬಿಟ್ಟುಹೋದ ಜ್ಞಾನ. ವಿದ್ಯಾರ್ಥಿಗಳೆ, ನೀವು ನಗುತ್ತಿದ್ದೀರಿ. ಇದು ನಿಮ್ಮ ಗೈಡು ಮತ್ತು ಹಳೇ ಪ್ರಶ್ನೆಪತ್ರಿಕೆಗಳಿಗಿಂತ ಬೇರೆಯೇನಲ್ಲ ಎಂದು ನಿಮಗೆ ಹೊಳೆದಿದೆ. ಕೋರ್ಸಿನಲ್ಲಿ ಬರುವ ಗ್ರೇಡು ಮುಂದಿನ ನೇಮಕಕ್ಕೂ ಬಡ್ತಿಗೂ ತಳಕು ಹಾಕಿಕೊಂಡಿರುವಾಗ ಯಾರು ತಾನೆ ಹೊಸ ನಡೆ ಇಟ್ಟು ಸೋಲಲು ಮುಂದಾಗುತ್ತಾರೆ? ಡಿಎಸ್ ಮೆಚ್ಚುವ ಉತ್ತರವನ್ನು ಊಹಿಸುವುದೇ ಆಟವಾಗುತ್ತದೆ. ಹೊರಗಿನವನ ಉದ್ಧಟತನ ಎನ್ನಿಸಿದರೂ ಹೇಳಿಬಿಡುತ್ತೇನೆ: ಯುದ್ಧದಾಟಕ್ಕೆ ಅಂಕ ಕೊಡಬಾರದು. ಬರೆಯುವ ಪರೀಕ್ಷೆಗೆ ಕೊಡಿ, ಓಟಕ್ಕೆ ಕೊಡಿ, ಇದಕ್ಕೆ ಬೇಡ.

ಇನ್ನು ತೀರ್ಪುಗಾರನ ಮುಲಾಜಿನ ಕತೆ. 1942ರ ಮೇ ತಿಂಗಳ ಮೊದಲ ವಾರ, ಜಪಾನಿನ ಯಮಾಟೊ ಯುದ್ಧನೌಕೆಯ ಮೇಲೆ ಮಿಡ್‌ವೇ ದಾಳಿಯ ಆಟ ನಡೆಯಿತು. ಮುಖ್ಯ ತೀರ್ಪುಗಾರ ರಿಯರ್ ಅಡ್ಮಿರಲ್ ಉಗಾಕಿ. ಮಿಡ್‌ವೇ ದ್ವೀಪದಿಂದ ಹಾರಿದ ಅಮೆರಿಕನ್ ವಿಮಾನಗಳು ಜಪಾನಿನ ಹಡಗುಗಳಿಗೆ ಒಂಬತ್ತು ಬಾಂಬು ತಗುಲಿಸಿದವು ಎಂದು ದಾಳ ಹೇಳಿತು. ಉಗಾಕಿ ಒಂಬತ್ತನ್ನು ಮೂರಕ್ಕಿಳಿಸಿದರು. ಆಗಲೂ ಕಾಗಾ ಎಂಬ ವಿಮಾನವಾಹಕ ನೌಕೆ ಮುಳುಗಿತು. ಮುಂದಿನ ಹಂತದ ಆಟಕ್ಕೆ ಅದು ಮತ್ತೆ ತೇಲಿ ಬಂತು. ತಿಂಗಳ ನಂತರ, ಜೂನ್ 4ರಂದು, ನಿಜವಾದ ಕಾಗಾ ಉರಿದು ಮುಳುಗಿತು. ಜೊತೆಗೆ ಅಕಾಗಿ, ಸೊರ್ಯು, ಹಿರ್ಯು ಕೂಡ ನಾಶವಾದವು.

ಈ ಕತೆಯನ್ನು ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಉಗಾಕಿಗೆ ಅನ್ಯಾಯ. ಏಕೆಂದರೆ ನಿಜವಾದ ಕದನದಲ್ಲಿ ಮಿಡ್‌ವೇ ದ್ವೀಪದಿಂದ ಹಾರಿದ ವಿಮಾನಗಳು ಆ ನಾಲ್ಕು ನೌಕೆಗಳಿಗೆ ಒಂದೂ ಬಾಂಬು ತಗುಲಿಸಲಿಲ್ಲ. ಆ ಮಟ್ಟಿಗೆ ಅವರ ತಿದ್ದುಪಡಿಯೇ ವಾಸ್ತವಕ್ಕೆ ಹತ್ತಿರ. ಕೆಡುಕು ಬಂದದ್ದು ಬೇರೆ ಕಡೆಯಿಂದ. ಅಮೆರಿಕದ ವಿಮಾನವಾಹಕ ನೌಕೆಗಳು ಪಕ್ಕದಿಂದ ಮೇಲೆ ಬಿದ್ದರೆ ಏನು ಗತಿ ಎಂಬ ಪ್ರಶ್ನೆ ಮೇಜಿನ ಮೇಲೆ ಬಂದಿತ್ತು. ಅದಕ್ಕೆ ನೆಟ್ಟಗೆ ಉತ್ತರ ಸಿಗದೆಯೇ ಆಟ ಮುಂದೆ ಸಾಗಿತು. ತೀರ್ಪುಗಾರ ಅಂಕೆಗಳಲ್ಲಿ ಹೆಚ್ಚು ಕಡಿಮೆ ಮಾಡಿದರೆ ಬದುಕಿಕೊಳ್ಳಬಹುದು, ಪ್ರಶ್ನೆಯನ್ನೇ ತೇಲಿಸಿಬಿಟ್ಟರೆ ಬದುಕುವುದು ಕಷ್ಟ.

ಅಮೆರಿಕದವರೂ ಇದನ್ನೇ ಮಾಡಿದರು, ತೀರಾ ದುಬಾರಿಯಾಗಿ. 2002ರ ‘ಮಿಲೇನಿಯಂ ಚಾಲೆಂಜ್’ ಅಭ್ಯಾಸಕ್ಕೆ 25 ಕೋಟಿ ಡಾಲರ್ ಖರ್ಚಾಯಿತು. ಕೆಂಪು ಪಕ್ಷದ ನಾಯಕ ನಿವೃತ್ತ ಮರೀನ್ ಜನರಲ್ ಪಾಲ್ ವ್ಯಾನ್ ರೈಪರ್. ಅವರು ರೇಡಿಯೊ ಬಿಟ್ಟು ಮೋಟರ್‌ಸೈಕಲ್ ಸವಾರರ ಕೈಲಿ ಸಂದೇಶ ಕಳಿಸಿ, ಕ್ಷಿಪಣಿಗಳನ್ನೂ ಸಣ್ಣ ದೋಣಿಗಳನ್ನೂ ಒಮ್ಮೆಗೇ ಬಿಟ್ಟು, ಶುರುವಿನಲ್ಲೇ ನೀಲಿ ಪಕ್ಷದ 16 ಯುದ್ಧನೌಕೆಗಳನ್ನು ಮುಳುಗಿಸಿಬಿಟ್ಟರು. ಹಡಗುಗಳನ್ನು ಮತ್ತೆ ತೇಲಿಸಲಾಯಿತು. ಸಾವಿರಾರು ಜನ ಸೇರಿದ್ದಾರೆ, ಉಳಿದ ದಿನಗಳ ತರಬೇತಿ ವ್ಯರ್ಥವಾಗಬಾರದು ಎಂಬ ಸಮರ್ಥನೆ ಒಪ್ಪುವಂಥದ್ದೇ. ಆದರೆ ಆಮೇಲೆ ಕೆಂಪು ಪಕ್ಷದ ಕೈಕಟ್ಟಿ ಆಡಿಸಿದ್ದು ಒಪ್ಪುವಂಥದ್ದಲ್ಲ. ವ್ಯಾನ್ ರೈಪರ್ ನಡುವೆಯೇ ಕೆಂಪು ಪಕ್ಷದ ನಾಯಕತ್ವ ಬಿಟ್ಟರು.

ಕಂಪ್ಯೂಟರ್ ಬಂದರೆ ಈ ಮುಲಾಜು ತಪ್ಪುತ್ತದೆ ಎನ್ನುವವರಿದ್ದಾರೆ. ಯಂತ್ರಕ್ಕೆ ಜನರಲ್ ಯಾರು, ಮೇಜರ್ ಯಾರು ಎಂಬ ಭೇದವಿಲ್ಲ ನಿಜ. ಆದರೆ ಯಂತ್ರದೊಳಗೂ ಒಬ್ಬ ತೀರ್ಪುಗಾರನಿದ್ದಾನೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ 1916ರಲ್ಲಿ ಪುಸ್ತಕವಾಗಿಸಿದ ಸಮೀಕರಣಗಳ ಪ್ರಕಾರ, ದೂರದಿಂದ ಗುಂಡು ಹಾರಿಸುವ ಕಾಳಗದಲ್ಲಿ ಸಂಖ್ಯೆ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಇಂಥ ಲೆಕ್ಕಗಳು ಎಷ್ಟೋ ತಂತ್ರಾಂಶಗಳ ಹೊಟ್ಟೆಯೊಳಗಿವೆ. ಹಸಿವು, ನಿದ್ರೆಗೇಡು, ಪಕ್ಕದವನು ಸತ್ತಾಗ ಆಗುವ ಭಯ, ಇವುಗಳಿಗೆ ಯಾರೋ ಎಲ್ಲೋ ಕೂತು ಒಂದು ಅಂಕೆ ಕೊಟ್ಟಿರುತ್ತಾರೆ. ಮನುಷ್ಯ ತೀರ್ಪುಗಾರನೊಡನೆ ಜಗಳವಾಡಬಹುದು. ತೆರೆಯ ಮೇಲೆ ಮೂಡಿದ ಅಂಕೆಯೊಡನೆ ಯಾರು ಜಗಳವಾಡುತ್ತಾರೆ?

ಅಂಕೆಗೆ ಸಿಗದ ಸಂಗತಿಗೆ ಉದಾಹರಣೆಯಾಗಿ ನಮ್ಮ ಕೊಡಗಿನ ಸೇನಾನಿ ತಿಮ್ಮಯ್ಯನವರ ಜೊಜಿ ಲಾ ಕಾರ್ಯಾಚರಣೆ ನೆನೆಯಿರಿ. 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಆ ಕಣಿವೆಮಾರ್ಗದಲ್ಲಿ, ಹಿಮದ ನಡುವೆ, 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಮುನ್ನುಗ್ಗಿದವು. ಲಡಾಖಿನ ದಾರಿ ತೆರೆಯಿತು. ಅಂದು ತಂತ್ರಾಂಶವಿದ್ದು, ಆ ನೆಲದಲ್ಲಿ ಟ್ಯಾಂಕಿನ ವೇಗ ಎಷ್ಟು ಎಂದು ಕೇಳಿದ್ದರೆ ಸೊನ್ನೆ ಎಂದೇ ಉತ್ತರ ಬರುತ್ತಿತ್ತು. ಅದನ್ನು ಬರೆದವರ ತಪ್ಪೂ ಅಲ್ಲ, ಏಕೆಂದರೆ ಅಷ್ಟು ಎತ್ತರಕ್ಕೆ ಯಾರೂ ಟ್ಯಾಂಕ್ ಹತ್ತಿಸಿರಲಿಲ್ಲ.

ಇದೇ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ ನಡೆದ ಇನ್ನೊಂದು ಅಭ್ಯಾಸ ನನ್ನನ್ನು ಹೆಚ್ಚು ಕಾಡುತ್ತದೆ. ಪೂರ್ವ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಟ್ 1959ರ ಅಕ್ಟೋಬರ್‌ನಲ್ಲಿ ಈಶಾನ್ಯ ಗಡಿಯ ರಕ್ಷಣೆಯ ಬಗ್ಗೆ ಒಂದು ಟಿಪ್ಪಣಿ ಬರೆದರು. ಗಡಿಯುದ್ದಕ್ಕೂ ಚೆಲ್ಲಿದ ಸಣ್ಣ ಠಾಣೆಗಳು ಚೀನಾವನ್ನು ತಡೆಯಲಾರವು. ಮುಖ್ಯ ರಕ್ಷಣಾ ಸಾಲು ನಮಗೆ ರಸ್ತೆ ಮತ್ತು ಸರಬರಾಜು ಒದಗುವಷ್ಟು ಹಿಂದಿರಬೇಕು ಎಂಬುದು ಅದರ ತಿರುಳು. 1960ರ ಮಾರ್ಚ್ 17ರಂದು ಲಖನೌದಲ್ಲಿ ‘ಲಾಲ್ ಕಿಲಾ’ ಎಂಬ ಹೆಸರಿನಲ್ಲಿ ಅದನ್ನು ಅಭ್ಯಾಸವಾಗಿ ಆಡಿ ತೋರಿಸಿದರು. ತಿಮ್ಮಯ್ಯನವರೂ ಸೇನಾ ಮುಖ್ಯಾಲಯದ ಹಿರಿಯರೂ ಎದುರಿಗಿದ್ದರು. ಥೋರಟ್ ತಮ್ಮ ಆತ್ಮಕತೆಯಲ್ಲಿ ಹೇಳುವಂತೆ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರಿಗೆ ಆ ಟಿಪ್ಪಣಿ ಅನಗತ್ಯ ಗಾಬರಿಯಾಗಿ ಕಂಡಿತು. 1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು, ಥೋರಟ್ ಕೂಡ. ಆ ವರ್ಷದ ನವೆಂಬರಿನಲ್ಲಿ ಠಾಣೆಗಳನ್ನು ಇನ್ನೂ ಮುಂದಕ್ಕೆ ಒಯ್ಯುವ ನಿರ್ಧಾರವಾಯಿತು. 1962ರ ಅಕ್ಟೋಬರ್ 20ರಂದು ದಾಳಿ ಬಂತು, ನವೆಂಬರ್ 18ಕ್ಕೆ ಬೊಮ್ಡಿಲಾ ಬಿತ್ತು.

ಇಲ್ಲಿ ತೀರ್ಪುಗಾರನ ಮುಲಾಜಿರಲಿಲ್ಲ. ಆಟ ನೆಟ್ಟಗೇ ನಡೆದಿತ್ತು. ಹಾಗೆಯೇ 1941ರ ಆಗಸ್ಟ್ ಕೊನೆಯಲ್ಲಿ ಟೋಕಿಯೊದಲ್ಲಿ ನಡೆದದ್ದೂ. ಸರ್ಕಾರದ ಇಲಾಖೆಗಳು, ಸೇನೆ ಮತ್ತು ಉದ್ಯಮಗಳಿಂದ ಆರಿಸಿದ ತರುಣರು ಅಣಕು ಸಂಪುಟ ರಚಿಸಿಕೊಂಡು, ಅಮೆರಿಕದ ಮೇಲೆ ಯುದ್ಧ ಹೂಡಿದರೆ ಸರಕು ಹಡಗುಗಳು ಮುಳುಗಿ, ಎಣ್ಣೆ ನಿಂತು, ಜಪಾನ್ ಸೋಲುತ್ತದೆ ಎಂದು ನಿಜವಾದ ಸಂಪುಟದ ಮುಂದೆ ವರದಿ ಮಂಡಿಸಿದರು. ಯುದ್ಧ ಸಚಿವ ಟೋಜೊ ಕೇಳಿಸಿಕೊಂಡು, ಇದು ಮೇಜಿನ ಮೇಲಿನ ಅಭ್ಯಾಸ, ಯುದ್ಧ ಹೀಗೆ ಲೆಕ್ಕದಂತೆ ನಡೆಯುವುದಿಲ್ಲ ಎಂಬರ್ಥದಲ್ಲಿ ಉತ್ತರಿಸಿದರು. ಆ ಮಾತು ಸುಳ್ಳೂ ಅಲ್ಲ. ಯಾವ ಆಟವೂ ಭವಿಷ್ಯ ನುಡಿಯುವುದಿಲ್ಲ ಎಂದು ನಾನೂ ಹೇಳುತ್ತೇನೆ. ತನಗೆ ಬೇಡದ ಫಲ ಬಂದಾಗ ಮಾತ್ರ ಆ ಮಾತು ನೆನಪಾಗುವುದು ತೊಂದರೆ.

ಹಾಗಾದರೆ ಸಚಿವರನ್ನೂ ಕಾರ್ಯದರ್ಶಿಗಳನ್ನೂ ಆಟಗಾರರ ಕುರ್ಚಿಯಲ್ಲೇ ಕೂರಿಸಿ, ಸೋಲಿನ ರುಚಿ ಅವರಿಗೂ ಸಿಗಲಿ ಎಂದು ಬಹಳ ಕಾಲ ನಾನು ವಾದಿಸುತ್ತಿದ್ದೆ. ಈಗಲೂ ಅದು ಆಗಲೇಬೇಕಾದ ಕೆಲಸ ಎನ್ನುತ್ತೇನೆ. ಆದರೆ ಅದು ಸಾಕಾಗುತ್ತದೆ ಎಂಬ ಧೈರ್ಯವಿಲ್ಲ. 1964ರ ಸೆಪ್ಟೆಂಬರಿನಲ್ಲಿ ಪೆಂಟಗನ್‌ನಲ್ಲಿ ‘ಸಿಗ್ಮಾ’ ಸರಣಿಯ ಒಂದು ಆಟ ನಡೆಯಿತು. ವಿಷಯ ವಿಯೆಟ್ನಾಂ. ಆಡಲು ಕೂತವರಲ್ಲಿ ಅಧ್ಯಕ್ಷರ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಇದ್ದರು, ವಾಯುಪಡೆಯ ಮುಖ್ಯಸ್ಥ ಕರ್ಟಿಸ್ ಲಮೇ ಇದ್ದರು. ಎಷ್ಟು ಬಾಂಬು ಸುರಿದರೂ ಉತ್ತರ ವಿಯೆಟ್ನಾಂ ಬಗ್ಗುವುದಿಲ್ಲ, ಅಮೆರಿಕ ಇನ್ನಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಅವರು ಸ್ವತಃ ಆಡಿದ ಆಟದಿಂದ ಹೊರಬಂದ ಫಲ. ತೀರ್ಪನ್ನು ಯಾರೂ ತಿದ್ದಲಿಲ್ಲ. 1965ರ ಮಾರ್ಚ್ 2ರಂದು ಉತ್ತರ ವಿಯೆಟ್ನಾಂ ಮೇಲೆ ನಿರಂತರ ಬಾಂಬ್ ದಾಳಿ ಆರಂಭವಾಯಿತು. ಆಡಿ ಸೋತವರೇ ಅದನ್ನು ಏಕೆ ಬೇಡವೆನ್ನಲಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದಾರೆ, ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಹೇಳಿ.